ಕೀಬೋರ್ಡ್ ನುಡಿಸೋರಿಗೂ ಒಂದು ಕುರ್ಚಿ ಹಾಕಿ

ಸ್ವಲ್ಪ ಉದ್ದದ ಬರಹ ಇದು. ಪುರುಸೊತ್ತು ಮಾಡ್ಕೊಂಡು ಓದಿ.

ಏಪ್ರಿಲ್ 14 ಹತ್ತಿರ ಬರ್ತಿದೆ. ಊರೂರಲ್ಲೂ ಜಯಂತಿ ಸಮಿತಿಗಳು ಸಭೆ ಸೇರ್ತಿವೆ. ಶಾಮಿಯಾನ ಎಷ್ಟು, ಮೈಕ್‌ಸೆಟ್ ಎಷ್ಟು, ಊಟಕ್ಕೆ ಎಷ್ಟು ಅಂತ ಲೆಕ್ಕ ನಡೀತಿದೆ. ಆ ಲೆಕ್ಕದಲ್ಲಿ ಪ್ರತಿವರ್ಷ ಬಿಟ್ಟುಹೋಗೋ ಒಂದು ಸಣ್ಣ ವಿಷಯ ಹೇಳ್ಬೇಕು ಅಂತ ಕೂತಿದೀನಿ. ವಿಷಯ ಇಷ್ಟೇ: ವೇದಿಕೆ ಮೇಲೆ ಕೀಬೋರ್ಡ್ ನುಡಿಸೋರು ಕೂತ್ಕೊಂಡು ನುಡಿಸ್ಬೇಕಾ, ನಿಂತ್ಕೊಂಡು ನುಡಿಸ್ಬೇಕಾ? ಅದನ್ನ ತೀರ್ಮಾನ ಮಾಡ್ಬೇಕಾದೋರು ಯಾರು?

ನಗಬೇಡಿ. ಆರ್ಕೆಸ್ಟ್ರಾದವರ ನಡುವೆ ಇದು ಹಳೇ ತಕರಾರು. ಕೂತು ನುಡಿಸೋರು "ನಿಂತು ನುಡಿಸೋದೆಲ್ಲ ಬರೀ ಶೋ" ಅಂತಾರೆ. ನಿಂತು ನುಡಿಸೋರು "ಕೂತ್ರೆ ಬ್ಯಾಂಕಲ್ಲಿ ಕ್ಯಾಷಿಯರ್ ಕೂತಂಗೆ ಕಾಣ್ತದೆ" ಅಂತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಎರಡೂ ಮಾಡಿದೀನಿ. ಹೋರಾಟದ ಹಾಡಿನ ತಂಡದಲ್ಲಿ, ಮದುವೆ ರಿಸೆಪ್ಷನ್ನಲ್ಲಿ, ಗಣೇಶನ ಪೆಂಡಾಲಲ್ಲಿ, ಪೌರಾಣಿಕ ನಾಟಕದಲ್ಲಿ. (ನಮ್ಮ ಕಡೆ ಯಾವ ಕಂಪನಿ ಕೀಬೋರ್ಡಾದ್ರೂ ಜನ ಕರೆಯೋದು 'ಕ್ಯಾಷಿಯೋ' ಅಂತಲೇ. ಯಮಹಾ ಹೊತ್ಕೊಂಡು ಹೋದ್ರೂ "ಕ್ಯಾಷಿಯೋದೋರು ಬಂದ್ರು" ಅಂತಾರೆ.) ಕೂರೋದಕ್ಕೂ ನಿಲ್ಲೋದಕ್ಕೂ ಅದರದರ ನ್ಯಾಯ ಇದೆ. ಮೊದಲು ಅದನ್ನ ಸರಿಯಾಗಿ ಹೇಳ್ಬಿಡ್ತೀನಿ. ಯಾಕಂದ್ರೆ ಕುರ್ಚಿ ಕೊಡದೇ ಇರೋರು "ಅದು ನಿಂತೇ ನುಡಿಸೋದು ಅಲ್ವಾ" ಅಂತ ಸಂಗೀತದ ಹಿಂದೆ ಬಚ್ಚಿಟ್ಕೋತಾರೆ.

ಪಿಯಾನೊ ಕೂತು ನುಡಿಸೋ ಲೆಕ್ಕದಲ್ಲೇ ಕಟ್ಟಿದ ವಾದ್ಯ. ಅದರ ಕೀಗಳು ನೆಲದಿಂದ ಸುಮಾರು 72 ಸೆಂಟಿಮೀಟರ್ ಎತ್ತರದಲ್ಲಿರ್ತವೆ, ಬೆಂಚು ಹೆಚ್ಚುಕಮ್ಮಿ 48. ಹಂಗೆ ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರುತ್ತೆ, ಮುಂಗೈ ನೆಲಕ್ಕೆ ಸಮನಾಗಿರುತ್ತೆ, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯಲ್ಲ. ಪಿಯಾನೊ ಥರದ ಭಾರದ 88 ಕೀಗಳನ್ನ ಬೆರಳ ತುದಿಯಿಂದ ಮಾತ್ರ ನುಡಿಸೋಕಾಗಲ್ಲ, ಭುಜದಿಂದ ತೂಕ ಇಳಿಸ್ಬೇಕು. ಅದಕ್ಕೆ ಸೊಂಟ ಒಂದು ಕಡೆ ಗಟ್ಟಿಯಾಗಿ ಊರಿರಬೇಕು. ಕಾಲಿಗೂ ಕೆಲಸ ಇದೆ. ಬೆರಳು ಎತ್ತಿದ ಮೇಲೂ ಸ್ವರ ಉಳಿಸೋ ಸಸ್ಟೇನ್ ಪೆಡಲ್ ಕೆಳಗಿರುತ್ತೆ. ಕೂತಿದ್ರೆ ಹಿಮ್ಮಡಿ ನೆಲಕ್ಕಿಟ್ಟು ಮುಂಗಾಲಲ್ಲಿ ಒತ್ತಿದ್ರೆ ಆಯ್ತು. ನಿಂತಿದ್ರೆ ಬಲಗಾಲು ಪೆಡಲ್ ಮೇಲೆ, ಇಡೀ ಮೈಭಾರ ಎಡಗಾಲ ಮೇಲೆ. ನಿಧಾನದ ಭಾವಗೀತೆ ನಾಲ್ಕಾಗೋ ಹೊತ್ತಿಗೆ ಸೊಂಟ ಹಿಡ್ಕೊಂಡಿರುತ್ತೆ.

ನಿಂತು ನುಡಿಸೋದಕ್ಕೂ ಕಾರಣ ಇಲ್ಲದೇ ಇಲ್ಲ. ನಮ್ಮಂಥೋರ ಹತ್ರ ಇರೋ 61 ಕೀಗಳ ಹಗುರ ಕೀಬೋರ್ಡ್‌ಗೆ ಬೆರಳಿನ ಬಲ ಸಾಕು. ನುಡಿಸ್ತಾ ಹಾಡ್ಬೇಕಾದ್ರೆ ನಿಂತಾಗ ಎದೆ ಬಿಚ್ಕೊಳ್ಳುತ್ತೆ, ಉಸಿರು ಸಲೀಸು. ಒಂದರ ಮೇಲೊಂದು ಎರಡು ಕೀಬೋರ್ಡ್ ಇಟ್ರೆ ಮೇಲಿನದು ಕೂತವರ ಕೈಗೆ ಎತ್ತರ ಆಗುತ್ತೆ. ಎಲ್ಲಕ್ಕಿಂತ ಮುಖ್ಯ ಕಣ್ಣು. ಪಲ್ಲವಿಗೆ ವಾಪಸ್ ಬರೋದು, ತಾಳ ನಿಲ್ಸೋದು, ಹಾಡೋರು ಇನ್ನೊಂದು ಸಲ ಚರಣ ಎಳೆಯೋದು, ಇವೆಲ್ಲ ಸ್ಟೇಜ್ ಮೇಲೆ ಕಣ್ಸನ್ನೆಯಲ್ಲೇ ನಡೆಯೋದು. ನಿಂತಿದ್ರೆ ನಮಗೆ ಎಲ್ಲರೂ ಕಾಣ್ತಾರೆ, ಎಲ್ಲರಿಗೂ ನಾವು ಕಾಣ್ತೀವಿ. ಇನ್ನು ತಮಟೆ ಜೊತೆ ಹೋರಾಟದ ಹಾಡು ಶುರುವಾದ್ರೆ ಕೂತಿರೋಕೇ ಆಗಲ್ಲ, ಕಾಲು ತಾನಾಗೇ ಎದ್ದು ನಿಲ್ಲುತ್ತೆ.

ಸ್ಟ್ಯಾಂಡಿನ ಕಥೆ ಬೇರೆ. ನಮ್ಮ ಕಡೆ ಕೈಗೆಟುಕೋ ಬೆಲೆಗೆ ಸಿಗೋದು ಕತ್ತರಿ ಥರದ ಎಕ್ಸ್ ಸ್ಟ್ಯಾಂಡು. ಎತ್ತರ ಮಾಡಿದಷ್ಟೂ ಅದರ ಕಾಲು ಒಳಗೆ ಬಂದು ಅಲ್ಲಾಡುತ್ತೆ. ತಗ್ಗಿಸಿದಷ್ಟೂ ಅಗಲ ಆಗಿ ಕೂತವರ ಮೊಣಕಾಲಿಗೆ ಹೊಡೆಯುತ್ತೆ. ಶಾಮಿಯಾನದೋರ ಪ್ಲಾಸ್ಟಿಕ್ ಕುರ್ಚಿ ತಗ್ಗು, ಅದಕ್ಕೇ ಎರಡು ಮೂರು ಕುರ್ಚಿ ಒಂದರೊಳಗೊಂದು ಕೂರಿಸಿ ಎತ್ತರ ಮಾಡ್ಕೋತೀವಿ. ಆ ಕುರ್ಚಿ ಕೈಗಳು ನಮ್ಮ ಮೊಣಕೈಗೆ ಅಡ್ಡ ಬರ್ತವೆ. ಕೈ ಇಲ್ಲದ ಕುರ್ಚಿ ಸಿಕ್ಕಿದ ದಿನ ನಮಗೆ ಹಬ್ಬ.

ಇದು ಸಂಗೀತದ ಲೆಕ್ಕ. ಹಾಡಿಗೆ ತಕ್ಕಂಗೆ, ವಾದ್ಯಕ್ಕೆ ತಕ್ಕಂಗೆ, ಮೈಗೆ ತಕ್ಕಂಗೆ ನುಡಿಸೋರು ಕೂರ್ತಾರೋ ನಿಲ್ತಾರೋ ಅವರಿಷ್ಟ. ಅಮೆರಿಕದ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಜೊತೆಯವರು ನುಡಿಸೋವಾಗ ಬೆಂಚಿಂದ ಎದ್ದು ಗಿರಗಿರ ಸುತ್ತಿ ಕುಣೀತಿದ್ದ, ತನ್ನ ಸರದಿ ಬಂದಾಗ ಬಂದು ಕೂತು ನುಡಿಸ್ತಿದ್ದ. ವಿಡಿಯೋ ಸಿಗ್ತವೆ, ನೋಡಿ. ಕೂರೋದು ಏಳೋದು ಎರಡೂ ಅವನದ್ದೇ.

ನಮ್ಮಲ್ಲಿ ಮಾತ್ರ ಈ ಪ್ರಶ್ನೆ ಸಂಗೀತದಿಂದ ಶುರುವಾಗಲ್ಲ.

ಹಾರ್ಮೋನಿಯಂ ಪೆಟ್ಟಿಗೆ ಕಥೆನೇ ನೋಡಿ. ಯುರೋಪಿಂದ ಬಂದಾಗ ಅದಕ್ಕೆ ಕಾಲಿದ್ವು. ಕುರ್ಚಿ ಮೇಲೆ ಕೂತು, ಎರಡೂ ಕಾಲಲ್ಲಿ ತಿದಿ ಒತ್ತಿ, ಎರಡೂ ಕೈಯಲ್ಲಿ ನುಡಿಸೋ ವಾದ್ಯ ಅದು. 19ನೇ ಶತಮಾನದ ಕೊನೆ ಭಾಗದಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನ ಹಿಂದುಗಡೆ ಇಟ್ಟು ಎಡಗೈಗೆ ಕೊಟ್ರು. ಯಾಕಂದ್ರೆ ಇಲ್ಲಿನ ಸಂಗೀತಗಾರರು ಕೂರ್ತಿದ್ದದ್ದು ನೆಲದ ಮೇಲೆ, ಜಮಖಾನದ ಮೇಲೆ. ಜನ ಹೆಂಗೆ ಕೂರ್ತಾರೆ ಅನ್ನೋದು ವಾದ್ಯದ ಮೈಯನ್ನೇ ಬದಲಾಯಿಸ್ತು. ಕಾಲಿನ ಪೆಟ್ಟಿಗೆ ನಮ್ಮ ನಾಟಕಗಳಲ್ಲಿ ಉಳ್ಕೊಂತು. ಕುರುಕ್ಷೇತ್ರ ನಾಟಕ ನೋಡಿದೋರಿಗೆ ಗೊತ್ತು, ಲೆಗ್ ಹಾರ್ಮೋನಿಯಂ ಮುಂದೆ ಮೇಷ್ಟ್ರು ಕುರ್ಚಿ ಹಾಕ್ಕೊಂಡು ಕೂತು ಬೆಳಗಿನ ಜಾವದವರೆಗೂ ತುಳೀತಾನೇ ಇರ್ತಾರೆ.

ನಾನು ಕೀ ಮೇಲೆ ಬೆರಳಿಟ್ಟದ್ದು ಅಂಥ ಒಬ್ಬ ಮೇಷ್ಟ್ರ ಹತ್ರಾನೇ. ನಮ್ಮ ಕೇರಿಯೋರು ಚಂದಾ ಎತ್ತಿ ನಾಟಕ ಕಲಿಯೋಕೆ ಅವರನ್ನ ಕರೆಸಿದ್ರು. ದಿನಾ ರಾತ್ರಿ ಕೇರಿ ಮಧ್ಯದ ಬಯಲಲ್ಲಿ ಲೈಟ್ ಹಾಕ್ಕೊಂಡು ಪ್ರಾಕ್ಟೀಸು. ಒಂದಿನ ಮೇಷ್ಟ್ರು ಬೀಡಿ ಸೇದೋಕೆ ಎದ್ದೋರು "ಕೂತ್ಕೊಳ್ಳೋ, ಒತ್ತು" ಅಂದು ತಮ್ಮ ಕುರ್ಚಿ ಮೇಲೇ ನನ್ನ ಕೂರಿಸಿದ್ರು. ಕಾಲು ತಿದಿಗೆ ಎಟುಕ್ತಿರಲಿಲ್ಲ, ಕುರ್ಚಿ ತುದೀಲಿ ಜಾರ್ಕೊಂಡು ಕೂತು ತುಳಿದೆ. ಅವರು ಬೇರೆ ಜಾತಿಯೋರು, ಬೇರೆ ಊರಿನೋರು. ಕುರ್ಚಿ ಬಿಟ್ಟುಕೊಟ್ಟೆ ಅಂತ ಅವರಿಗೆ ಅನ್ನಿಸಿರಲಿಕ್ಕೂ ಇಲ್ಲ. ನನಗೆ ಇವತ್ತಿಗೂ ಮರೆತಿಲ್ಲ.

ನಮ್ಮಪ್ಪ ತಮಟೆ ಬಡೀತಿದ್ದ. ತಮಟೆ ನಿಂತೇ ಬಡೆಯೋ ವಾದ್ಯ. ಭುಜದಿಂದ ಇಳಿಬಿಟ್ಟು, ಒಂದು ಕೈಲಿ ಸಣ್ಣ ಕಡ್ಡಿ, ಇನ್ನೊಂದು ಕೈಲಿ ದಪ್ಪ ಕಡ್ಡಿ ಹಿಡಿದು, ಹೆಜ್ಜೆ ಹಾಕ್ತಾ ಬಡೀಬೇಕು. ಕೂತ್ರೆ ಆ ಕುಣಿತವೇ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ನಿಂತು ಬಡೆಯೋ ವಾದ್ಯದಿಂದಲೇ. ಹಂಗಾಗಿ ಅಪ್ಪ ನಿಂತು ಬಡೀತಿದ್ದ ಅನ್ನೋದರ ಬಗ್ಗೆ ನನಗೆ ಯಾವ ದುಃಖವೂ ಇಲ್ಲ.

ನಾನು ನೋಡ್ತಿದ್ದದ್ದು ಬೇರೆ. ಹಬ್ಬದಲ್ಲಿ ದೇವರ ಮೆರವಣಿಗೆ ಮನೆಮನೆ ಮುಂದೆ ನಿಲ್ತಿತ್ತು. ಪೂಜೆ, ಮಂಗಳಾರತಿ. ಅಷ್ಟೊತ್ತು ವಾದ್ಯವೂ ನಿಲ್ತಿತ್ತು. ಪಲ್ಲಕ್ಕಿ ಹೊತ್ತೋರು ಇಳಿಸಿ ಜಗುಲಿ ಮೇಲೆ ಕೂತು ಬೆವರು ಒರೆಸ್ಕೋತಿದ್ರು, ಅವರಿಗೆ ಮಜ್ಜಿಗೆ ಬರ್ತಿತ್ತು. ಅಪ್ಪ, ಚಿಕ್ಕಪ್ಪ, ಅವರ ಜೊತೆಯೋರು ತಮಟೇನ ತೊಡೆಗೆ ಆನಿಸ್ಕೊಂಡು ರಸ್ತೆ ಮಧ್ಯ ನಿಂತೇ ಇರ್ತಿದ್ರು. ಬಡೆಯೋವಾಗ ನಿಂತಿರೋದು ವಾದ್ಯದ ನಿಯಮ. ವಾದ್ಯ ಸುಮ್ಮನಾದ ಮೇಲೂ ನಿಂತಿರೋದು ಊರಿನ ನಿಯಮ.

ಆವತ್ತಿಂದ ಯಾವ ವೇದಿಕೆಗೆ ಹೋದ್ರೂ ನಾನು ನೋಡೋದು, ಹಾಡು ನಡೆಯೋವಾಗ ಯಾರು ಕೂತಿದ್ದಾರೆ ಯಾರು ನಿಂತಿದ್ದಾರೆ ಅಂತಲ್ಲ. ಹಾಡು ಮುಗಿದ ಮೇಲೆ ಯಾರಿಗೆ ಕುರ್ಚಿ ಇದೆ ಅಂತ.

ಇದು ನಮ್ಮ ಕೇರಿಯೋರಿಗೆ ಮಾತ್ರ ಆದದ್ದಲ್ಲ. ತಮಿಳುನಾಡಲ್ಲಿ ಹಾಡೋರು, ವೀಣೆಯೋರು ವೇದಿಕೆ ಮೇಲೆ ಕೂತು ಕಛೇರಿ ಮಾಡೋವಾಗ ನಾದಸ್ವರದೋರು ನಿಂತೇ ನುಡಿಸ್ಬೇಕು ಅನ್ನೋ ರೂಢಿ ಇತ್ತು. ಟಿ.ಎನ್. ರಾಜರತ್ನಂ ಪಿಳ್ಳೆ (1898-1956) ಹಠ ಹಿಡಿದು ಕೂತು ನುಡಿಸಿದ್ರು. ಅವರು ದಲಿತರಲ್ಲ. ಆದ್ರೂ ದೇವಸ್ಥಾನದ ಸೇವೆಯ ಜಾತಿ ಅಂತ ಅವರ ಜನರನ್ನ ನಿಲ್ಲಿಸಿದ್ರು. ಉಸಿರು ಹಾಕಿ ಊದೋ ವಾದ್ಯವನ್ನ ನಿಂತೂ ನುಡಿಸ್ಬಹುದು, ಕೂತೂ ನುಡಿಸ್ಬಹುದು. ಅವರ ಜಗಳ ಉಸಿರಿಂದಲ್ಲ, ಮರ್ಯಾದೆಯದ್ದು.

ಇನ್ನೊಂದು ಕಡೆ ನೋಡಿ. ಲಿಟಲ್ ರಿಚರ್ಡ್ ಅಂತ ಅಮೆರಿಕದ ಕಪ್ಪುಜನರ ಹಾಡುಗಾರ. ಜಾರ್ಜಿಯಾ ರಾಜ್ಯದ ಮೇಕನ್ ಊರಿನವನು, ಬಸ್ ನಿಲ್ದಾಣದ ಹೋಟೆಲಲ್ಲಿ ಪಾತ್ರೆ ತೊಳೀತಿದ್ದವನು. 1955ರ ಸೆಪ್ಟೆಂಬರಲ್ಲಿ 'ಟುಟ್ಟಿ ಫ್ರುಟ್ಟಿ' ರೆಕಾರ್ಡ್ ಆಯ್ತು. ಆಮೇಲೆ ಸ್ಟೇಜ್ ಮೇಲೆ ಅವನು ಪಿಯಾನೊ ಬೆಂಚು ಬಿಟ್ಟು ನಿಂತು, ಬಾಗಿ, ಕಿರುಚಿ ಹಾಡಿದ್ದು ನೋಡಿ ಲೋಕವೇ ಬೆರಗಾಯ್ತು. ಬಿಳಿಯರಿಗೊಂದು ಕಡೆ, ಕರಿಯರಿಗೊಂದು ಕಡೆ ಕೂರೋಕೆ ಜಾಗ ಬೇರೆಬೇರೆ ಇದ್ದ ಕಾಲ ಅದು. ಅದೇ 1955ರ ಡಿಸೆಂಬರ್ 1ಕ್ಕೆ ಪಕ್ಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟಿಂದ ಏಳಲ್ಲ ಅಂದ್ರು. ಮೂರು ತಿಂಗಳೊಳಗೆ, ಅಕ್ಕಪಕ್ಕದ ರಾಜ್ಯದ ಇಬ್ಬರು. ಒಬ್ಬ ಕೂರಬೇಕಾದ ಕಡೆ ಎದ್ದು ನಿಂತ, ಇನ್ನೊಬ್ಬರು ಏಳಬೇಕು ಅಂದ ಕಡೆ ಕೂತೇ ಇದ್ರು. ಎರಡೂ ಅವರವರ ತೀರ್ಮಾನ, ಅದಕ್ಕೇ ಎರಡಕ್ಕೂ ಅಷ್ಟು ಶಕ್ತಿ.

ನೀನಾ ಸಿಮೋನ್ ಕಥೆ ಪಿಯಾನೊಗೆ ಇನ್ನೂ ಹತ್ರ. ಆಗ ಅವಳ ಹೆಸರು ಯೂನಿಸ್ ವೇಮನ್, ಹನ್ನೊಂದು ಹನ್ನೆರಡರ ಹುಡುಗಿ, ಉತ್ತರ ಕ್ಯಾರೊಲಿನಾದ ಟ್ರೈಯನ್ ಊರಲ್ಲಿ ಅವಳ ಪಿಯಾನೊ ಕಾರ್ಯಕ್ರಮ. ಮುಂದಿನ ಸಾಲಲ್ಲಿ ಕೂತಿದ್ದ ಅಪ್ಪ ಅಮ್ಮನನ್ನ ಎಬ್ಬಿಸಿ, ಬಿಳಿಯರಿಗೆ ಜಾಗ ಮಾಡಿ, ಹಿಂದಕ್ಕೆ ಕಳಿಸಿದ್ರು. ಅವರನ್ನ ವಾಪಸ್ ಮುಂದೆ ಕೂರಿಸೋವರೆಗೂ ನುಡಿಸಲ್ಲ ಅಂದ್ಲು ಹುಡುಗಿ. ಕೂರಿಸಿದ್ರು. ಆಮೇಲೆ ನುಡಿಸಿದ್ಲು. ತನ್ನ ಆತ್ಮಕಥೆಯಲ್ಲಿ ಅವಳೇ ಹೇಳ್ಕೊಂಡಿರೋದು ಇದು. ತಾನು ಬೆಂಚಿನ ಮೇಲೆ ಕೂತಿದ್ದಷ್ಟಕ್ಕೆ ಅವಳಿಗೆ ಸಮಾಧಾನ ಆಗಲಿಲ್ಲ, ತನ್ನೋರೂ ಕೂತಿರಬೇಕಿತ್ತು.

ಈಗ ನನ್ನದೊಂದು.

ಎಂಟು ವರ್ಷದ ಹಿಂದೆ, ಒಂದೂರಿನ ಗಣೇಶನ ಪೆಂಡಾಲು. ಊರಿನ ಹೆಸರು ಬೇಡ, ಎಲ್ಲಾ ಊರೂ ಹಂಗೇ. ಮಧ್ಯಾಹ್ನ ಸೌಂಡ್ ಚೆಕ್ ಮಾಡೋವಾಗ ಒಬ್ಬ ಹುಡುಗ ಓಡಾಡಿ ತಂಡದ ಎಲ್ಲರಿಗೂ ಕುರ್ಚಿ ತಂದಿಟ್ಟ. ನಾನು ಎರಡು ಕುರ್ಚಿ ಸೇರಿಸಿ ಎತ್ತರ ನೋಡ್ಕೊಂಡೆ, ಸ್ಟ್ಯಾಂಡ್ ತಗ್ಗಿಸಿದೆ, ಪೆಡಲಿಗೆ ಟೇಪ್ ಹಾಕಿದೆ. ಅಷ್ಟೊತ್ತಿಗೆ ಒಬ್ಬರು ಹಿರಿಯರು ಬಂದು ಪ್ರೀತಿಯಿಂದಲೇ ಮಾತಾಡ್ಸಿದ್ರು. "ಚೆನ್ನಾಗಿ ನುಡಿಸ್ತೀಯಪ್ಪ. ಯಾವೂರು?" ಊರು ಹೇಳಿದೆ. "ಯಾರ ಮಗ?" ಅಪ್ಪನ ಹೆಸರು ಹೇಳಿದೆ. "ಓ" ಅಂದ್ರು, ಅಷ್ಟೇ.

ಊಟ ಮುಗಿಸ್ಕೊಂಡು ಬಂದಾಗ ಡ್ರಮ್ಸ್ ಹಿಂದಿನ ಕುರ್ಚಿ ಇತ್ತು, ಗಿಟಾರಿನವನದ್ದಿತ್ತು, ಹಾಡೋರದ್ದಿತ್ತು. ನನ್ನ ಎರಡೂ ಇರಲಿಲ್ಲ. ಕೇಳಿದ್ದಕ್ಕೆ "ಗೆಸ್ಟ್‌ಗೆ ಕಮ್ಮಿ ಬಿದ್ವು, ನೀವು ನಿಂತ್ಕೊಂಡೇ ನುಡಿಸ್ಬೋದಲ್ವಾ" ಅಂದ್ರು. ಪೆಂಡಾಲಲ್ಲಿ ಖಾಲಿ ಕುರ್ಚಿ ಸಾಲಾಗಿ ಬಿದ್ದಿದ್ವು. ನಮ್ಮ ಬೇಸ್ ಗಿಟಾರಿನ ಗೆಳೆಯ ತನ್ನ ಕುರ್ಚಿ ನನ್ನ ಕಡೆ ತಳ್ಳಿ ಅವನೂ ನಿಂತ. ಆ ಕುರ್ಚಿ ಮೇಲೆ ನಾನೂ ಕೂರಲಿಲ್ಲ, ಅವನೂ ಕೂರಲಿಲ್ಲ. ಇಡೀ ಕಾರ್ಯಕ್ರಮ ಅದು ನಮ್ಮಿಬ್ಬರ ಮಧ್ಯೆ ಖಾಲಿ ಇತ್ತು.

ನಾಲ್ಕು ಗಂಟೆ ನಿಂತು ನುಡಿಸಿದೆ. ತಮಾಷೆ ಏನು ಗೊತ್ತಾ? ಜನಕ್ಕೆ ಬಹಳ ಇಷ್ಟ ಆಯ್ತು. "ಕ್ಯಾಷಿಯೋ ಹುಡುಗಂದು ಏನ್ ಜೋಶಪ್ಪಾ" ಅಂದ್ರು. ಯಾರೋ ಫೋಟೋ ತೆಗೆದು ಕಳಿಸಿದ್ರು. ಲಿಟಲ್ ರಿಚರ್ಡ್ ನಿಂತ ಫೋಟೋನೂ ನನ್ನ ಆ ಫೋಟೋನೂ ಪಕ್ಕಪಕ್ಕ ಇಟ್ರೆ ನೋಡೋರಿಗೆ ಎರಡೂ ಒಂದೇ. ಅವನು ಬೆಂಚನ್ನ ತಾನೇ ಹಿಂದಕ್ಕೆ ತಳ್ಳಿದ್ದ. ನನ್ನದನ್ನ ಬೇರೆಯೋರು ಎತ್ಕೊಂಡು ಹೋಗಿದ್ರು. ಅದು ಫೋಟೋದಲ್ಲಿ ಬೀಳಲ್ಲ.

ಆಮೇಲೆ ಒಂದು ಮಡಚೋ ಸ್ಟೂಲು ತಗೊಂಡೆ. ಕೀಬೋರ್ಡ್ ಬ್ಯಾಗಿನ ಜೊತೆ ಅದನ್ನೂ ಹೊತ್ಕೊಂಡು ಓಡಾಡ್ತೀನಿ. ಕೆಲವರು "ಇದೇ ಸರಿ, ನಿಮ್ಮ ಕುರ್ಚಿ ನೀವೇ ತಂದ್ರೆ ರಗಳೆನೇ ಇಲ್ಲ" ಅಂತಾರೆ. ಅಲ್ಲೊಂದು ಮಾತಿದೆ.

ಕೆನಡಾದ ಗ್ಲೆನ್ ಗೂಲ್ಡ್ ಅನ್ನೋ ಪಿಯಾನೊ ವಾದಕನಿಗೆ ಅವನಪ್ಪ ಒಂದು ಮಡಚೋ ಕುರ್ಚಿ ಕಾಲು ಕತ್ತರಿಸಿ 14 ಇಂಚು ಎತ್ತರಕ್ಕೆ ಮಾಡ್ಕೊಟ್ಟಿದ್ರು. ಪಿಯಾನೊ ಮೇಷ್ಟ್ರುಗಳ ಲೆಕ್ಕದಲ್ಲಿ ಅದು ತೀರಾ ತಗ್ಗು. ಆತ ಎಲ್ಲಿಗೆ ಹೋದ್ರೂ ಅದನ್ನೇ ಒಯ್ತಿದ್ದ, ಸೀಟು ಸವೆದು ಬರೀ ಚೌಕಟ್ಟು ಉಳಿದ್ರೂ ಬಿಡಲಿಲ್ಲ. ಇವತ್ತು ಆ ಕುರ್ಚಿ ಕೆನಡಾದಲ್ಲಿ ಜೋಪಾನವಾಗಿ ಕಾಪಾಡಿಟ್ಟಿರೋ ವಸ್ತು.

ತನ್ನ ಆಸನ ತಾನೇ ಹೊತ್ತ ಇನ್ನೊಬ್ಬ ಹುಡುಗನ ಕಥೆ ನಿಮಗೆಲ್ಲ ಗೊತ್ತು. ಸತಾರಾದ ಶಾಲೆ. ಬೇರೆ ಮಕ್ಕಳ ಜೊತೆ ಕೂರಂಗಿಲ್ಲ, ಮೂಲೇಲಿ ಗೋಣಿತಟ್ಟಿನ ಮೇಲೆ ಕೂರಬೇಕು. ಶಾಲೆ ಗುಡಿಸೋ ಆಳು ಆ ಗೋಣಿತಟ್ಟು ಮುಟ್ತಿರಲಿಲ್ಲ. ಅದಕ್ಕೆ ಸಂಜೆ ಮನೆಗೆ ಒಯ್ದು ಬೆಳಗ್ಗೆ ಮತ್ತೆ ತರಬೇಕಿತ್ತು. ಬಾಬಾಸಾಹೇಬರೇ ಬರೆದಿಟ್ಟ ಮಾತಿದು.

ಗೂಲ್ಡ್ ತನ್ನ ಕುರ್ಚಿ ಹೊತ್ತದ್ದು ಬೇಕು ಅಂತ. ಆ ಹುಡುಗ ಗೋಣಿತಟ್ಟು ಹೊತ್ತದ್ದು ಬೇರೆ ದಾರಿ ಇಲ್ಲದೇ. ನನ್ನ ಸ್ಟೂಲು ಈ ಎರಡರಲ್ಲಿ ಯಾವುದು ಅನ್ನೋದು, ನನ್ನನ್ನ ಕರೆದ ವೇದಿಕೆಯಲ್ಲಿ ನನಗೂ ಒಂದು ಕುರ್ಚಿ ಇತ್ತಾ ಇಲ್ವಾ ಅನ್ನೋದರ ಮೇಲಿದೆ. ಕುರ್ಚಿ ಇದ್ದೂ ನನ್ನ ಸೊಂಟಕ್ಕೆ ಅಂತ ಸ್ಟೂಲು ತಂದ್ರೆ ಅದು ನನ್ನ ಅನುಕೂಲ. ಕುರ್ಚಿ ಕೊಡಲ್ಲ ಅಂತ ಗೊತ್ತಿದ್ದು ತಂದ್ರೆ ಅದು ಗೋಣಿತಟ್ಟೇ.

ಇಷ್ಟೊತ್ತು ಬೇರೆಯವರ ವೇದಿಕೆ ಬಗ್ಗೆ ಹೇಳಿದೆ. ನಮ್ಮ ವೇದಿಕೆಗೆ ಬರ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಜಯಂತಿ ಕಾರ್ಯಕ್ರಮ ನೆನಪು ಮಾಡ್ಕೊಳ್ಳಿ. ವೇದಿಕೆ ಮೇಲೆ ಇಪ್ಪತ್ತೈದು ಮೂವತ್ತು ಕುರ್ಚಿ, ಬಿಳಿ ಬಟ್ಟೆ ಹೊದಿಸಿರ್ತೀವಿ. ಮಧ್ಯದಲ್ಲಿ ಸಾಹೇಬ್ರಿಗೆ ಸಿಂಹಾಸನದಂಥದ್ದು. ಮೂಲೇಲಿ ಹಾಡಿನ ತಂಡ, ತಮಟೆಯೋರು, ಒಂದು ಕೀಬೋರ್ಡು. ಹತ್ತು ಗಂಟೆ ಕಾರ್ಯಕ್ರಮಕ್ಕೆ ಸಾಹೇಬ್ರು ಬರೋದು ಒಂದು ಗಂಟೆಗೆ. ಅಲ್ಲಿವರೆಗೂ "ಇನ್ನೊಂದು ಹಾಡು ಹೇಳಿ". ಬಂದ ಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಹಾರ, ಶಾಲು, ಸನ್ಮಾನ. ತಂಡಕ್ಕೆ ಮಾತ್ರ "ಎಲ್ಲೂ ಹೋಗ್ಬೇಡಿ, ಅಲ್ಲೇ ಇರಿ, ಯಾವಾಗ ಬೇಕಾದ್ರೂ ಕರೀತೀವಿ". ಅಲ್ಲೇ ಇರ್ತಾರೆ. ನಿಂತೇ ಇರ್ತಾರೆ. ಬೇಕಂತ ಯಾರೂ ಮಾಡಲ್ಲ, ನನಗೆ ಗೊತ್ತು. ಹೊಳೆಯೋದೇ ಇಲ್ಲ. ಹೊಳೆಯದೇ ಇರೋದೇ ನನ್ನ ತಕರಾರು.

ಈ ಚಳವಳಿ ಕಟ್ಟಿದ್ದರಲ್ಲಿ ಹಾಡಿನ ಪಾಲೆಷ್ಟು ಅಂತ ಹಳಬರನ್ನ ಕೇಳಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಪುಸ್ತಕ ಓದೋಕೆ ಬರದ ಕೇರಿಗಳಿಗೂ ಅದು ತಲುಪಿದ್ದು ಹಾಡೋರ ಗಂಟಲಲ್ಲಿ, ತಮಟೆಯೋರ ಕೈಯಲ್ಲಿ. ಸಂಘಟನೆಯ ಜಾಥಾಗಳಲ್ಲಿ ಭಾಷಣಕ್ಕಿಂತ ಮುಂಚೆ ಜನ ಸೇರ್ತಿದ್ದದ್ದೇ ಹಾಡಿಗೆ. ಅದೇ ಹಾಡು ಈಗ ಸಾಹೇಬ್ರು ಬರೋವರೆಗೆ ಹೊತ್ತು ಕಳೆಯೋ ಸಾಮಾನಾಗಿದೆ. ಸಾಮಾನಿಗೆ ಯಾರಾದ್ರೂ ಕುರ್ಚಿ ಹಾಕ್ತಾರಾ?

ನಮ್ಮ ತಂಡದಲ್ಲಿ ಈಗ ಕೀಬೋರ್ಡ್ ನುಡಿಸೋದು ಒಬ್ಬ ಹುಡುಗಿ. ಡಿಗ್ರಿ ಓದ್ತಿದ್ದಾಳೆ. ನನಗಿಂತ ಚೆನ್ನಾಗಿ ನುಡಿಸ್ತಾಳೆ, ಕಾರ್ಡ್ಸ್ ಎಲ್ಲ ಫೋನಲ್ಲೇ ನೋಡಿ ಕಲಿತೋಳು. ಹೋದ ವರ್ಷ ಒಂದು ಜಯಂತಿ ಕಾರ್ಯಕ್ರಮದಲ್ಲಿ ಮೂರು ಗಂಟೆ ನಿಂತಿದ್ಲು. ಆವತ್ತು ಅವಳಿಗೆ ಮುಟ್ಟಿನ ಹೊಟ್ಟೆನೋವು. ಭಾಷಣ ನಡೆಯೋವಾಗ ತಡೆಯೋಕಾಗದೇ ಪಕ್ಕದಲ್ಲಿದ್ದ ಸ್ಪೀಕರ್ ಬಾಕ್ಸ್ ಮೇಲೆ ಕೂತ್ಲು. ಸಮಿತಿಯೋರೊಬ್ಬರು ಬಂದು ಕಿವೀಲಿ "ಏಳವ್ವ, ಸ್ಟೇಜ್ ಮೇಲೆ ಹಂಗೆ ಕೂತ್ರೆ ಚೆನ್ನಾಗಿ ಕಾಣಲ್ಲ" ಅಂದ್ರು. ಎದ್ದು ನಿಂತ್ಲು. ವಾಪಸ್ ಬರೋವಾಗ ಗಾಡೀಲಿ ಕೇಳಿದ್ಲು: "ಅಣ್ಣ, ಸ್ಟೇಜ್ ಮೇಲೆ ಅಷ್ಟೊಂದು ಜನ ಕೂತಿದ್ರಲ್ಲ, ಅವರೆಲ್ಲ ಚೆನ್ನಾಗಿ ಕಾಣ್ತಿದ್ರಾ?"

ಗಾಡೀಲಿದ್ದ ಏಳು ಜನರಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಆ ಉತ್ತರಕ್ಕೇ ಇಷ್ಟು ಬರೀತಿರೋದು.

ಬಟ್ಟೆ ಅಂಗಡೀಲಿ ದಿನಪೂರ್ತಿ ನಿಂತು ಕೆಲಸ ಮಾಡೋ ಹೆಣ್ಮಕ್ಕಳು ಕೇರಳದಲ್ಲಿ ಕೂರೋ ಹಕ್ಕಿಗಾಗಿ ಹೋರಾಡಿದ್ರು. 2018ರಲ್ಲಿ ಅಲ್ಲಿನ ಕಾನೂನು ತಿದ್ದುಪಡಿ ಆಯ್ತು. 2021ರಲ್ಲಿ ತಮಿಳುನಾಡೂ ಅಂಥದ್ದೇ ತಿದ್ದುಪಡಿ ಮಾಡ್ತು. ಆ ಕಾನೂನು "ಕೂತೇ ಕೆಲಸ ಮಾಡಿ" ಅನ್ನಲ್ಲ. ಕೆಲಸದ ನಡುವೆ ಕೂರೋಕೆ ಅವಕಾಶ ಸಿಕ್ಕಾಗ ಕೂರೋಕೆ ಆಸನ ಇರಲಿ ಅನ್ನುತ್ತೆ, ಅಷ್ಟೇ. ಅಂಗಡಿಗೆ ಮಾಡಿದ ಕಾನೂನು ವೇದಿಕೆಗೆ ಬರಲ್ಲ. ಆದ್ರೆ ನಮ್ಮ ವೇದಿಕೆಗೆ ಕಾನೂನು ಯಾಕೆ ಬೇಕು? ಅಲ್ಲಿ ಸಂವಿಧಾನ ಬರೆದೋರ ಫೋಟೋನೇ ಇದೆಯಲ್ಲ.

ಹಂಗಾಗಿ ಎಲ್ಲಾ ಜಯಂತಿ ಸಮಿತಿಯ ಅಣ್ಣಂದಿರು, ತಮ್ಮಂದಿರು, ಅಕ್ಕಂದಿರಲ್ಲಿ ನನ್ನ ಕೋರಿಕೆ:

1. ಶಾಮಿಯಾನದೋರಿಗೆ ಕುರ್ಚಿ ಲೆಕ್ಕ ಹೇಳೋವಾಗ ಮೊದಲು ತಂಡದ ತಲೆ ಎಣಿಸಿ, ಆಮೇಲೆ ಅತಿಥಿಗಳದ್ದು. ತಮಟೆಯೋರು ನಿಂತು ಬಡೆಯೋದು ತಾನೇ ಅಂತ ಅವರನ್ನ ಬಿಡ್ಬೇಡಿ. ಬಡಿದು ಮುಗಿದ ಮೇಲೆ ಅವರಿಗೂ ಕಾಲಿವೆ.

2. ಕೀಬೋರ್ಡ್‌ಗೆ ಕೈ ಇಲ್ಲದ ಕುರ್ಚಿ ಅಥವಾ ಸ್ಟೂಲ್ ಇರಲಿ. ಇಲ್ಲದಿದ್ರೆ ಎರಡು ಪ್ಲಾಸ್ಟಿಕ್ ಕುರ್ಚಿ ಹೆಚ್ಚಿಗೆ ಕೊಡಿ, ಸೇರಿಸಿ ಎತ್ತರ ಮಾಡ್ಕೋತಾರೆ.

3. ಸ್ಟ್ಯಾಂಡ್ ಎಷ್ಟು ಎತ್ತರ ಅನ್ನೋದು ನುಡಿಸೋರ ಮೊಣಕೈ ಹೇಳ್ಬೇಕು, ಸೌಂಡಿನೋರಲ್ಲ. ಅರ್ಧ ಗಂಟೆ ಮುಂಚೆ ವೇದಿಕೆ ಬಿಟ್ಟುಕೊಡಿ. ಅಲ್ಲಾಡೋ ಹಲಗೆ ಮೇಲೆ ಸ್ಟ್ಯಾಂಡ್ ನಿಲ್ಲಿಸ್ಬೇಡಿ, ಪೆಡಲ್ ಜಾರದಂಗೆ ಟೇಪ್ ಕೊಡಿ.

4. ಅತಿಥಿಗಳ ಕುರ್ಚಿಗೆ ಬಟ್ಟೆ ಹೊದಿಸಿದ್ರೆ ತಂಡದ ಕುರ್ಚಿಗೂ ಹೊದಿಸಿ. ಇಬ್ಬರಿಗೂ ಬೇಡ ಅಂದ್ರೆ ಇನ್ನೂ ಒಳ್ಳೇದು. ನೀರಿನ ಬಾಟ್ಲೂ ಅಷ್ಟೇ.

5. ಕುರ್ಚಿ ಇಟ್ಟ ಮೇಲೂ ಯಾರಾದ್ರೂ ನಿಂತೇ ನುಡಿಸಿದ್ರೆ "ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂತ ಬಲವಂತ ಮಾಡ್ಬೇಡಿ. ಅದು ಅವರ ಹಾಡು.

ಇದರಲ್ಲಿ ದುಡ್ಡಿನ ಮಾತೇ ಇಲ್ಲ ನೋಡಿ. ಐದಾರು ಪ್ಲಾಸ್ಟಿಕ್ ಕುರ್ಚಿ ಹೆಚ್ಚಿಗೆ ತರಿಸಿದ್ರೆ ಯಾವ ಸಮಿತಿಯೂ ಸಾಲಕ್ಕೆ ಬೀಳಲ್ಲ. ಕೆಲವರು "ಇಷ್ಟೊಂದು ದೊಡ್ಡ ದೊಡ್ಡ ಸಮಸ್ಯೆ ಇರೋವಾಗ ಕುರ್ಚಿ ಬಗ್ಗೆ ಬರೀತೀಯಲ್ಲ" ಅಂತ ಕಾಮೆಂಟ್ ಹಾಕ್ತಾರೆ. ಹಾಕಿ. ಎದ್ದು ನಿಲ್ಲು, ಕೆಳಗೆ ಕೂರು, ಅಲ್ಲೇ ನಿಂತಿರು ಅನ್ನೋ ಮೂರು ಮಾತಿನಲ್ಲೇ ನಮ್ಮ ಅಜ್ಜಂದಿರನ್ನ ಆಳಿದ್ರು. ಕುರ್ಚಿ ಸಣ್ಣದು ಅಂತ ನಾವೂ ಅಂದ್ರೆ ಹೆಂಗೆ?

ಈ ಏಪ್ರಿಲ್ 14ಕ್ಕೆ ನಿಮ್ಮೂರಿನ ವೇದಿಕೆಗೆ ಒಂದು ಕೀಬೋರ್ಡ್ ಬಂದ್ರೆ ಅದರ ಹಿಂದೆ ಒಂದು ಕುರ್ಚಿ ಇದೆಯಾ ನೋಡಿ. ಇಲ್ಲದಿದ್ರೆ ಮುಂದಿನ ಸಾಲಿಂದ ಒಂದು ಎತ್ಕೊಂಡು ಹೋಗಿ ಇಟ್ಟು ಬನ್ನಿ, ಯಾರನ್ನೂ ಕೇಳಬೇಡಿ. ಕೂರೋದೋ ನಿಲ್ಲೋದೋ ನುಡಿಸೋರು ನೋಡ್ಕೋತಾರೆ.

ಒಪ್ಪಿಗೆ ಆದ್ರೆ ನಿಮ್ಮೂರಿನ ಸಮಿತಿ ವಾಟ್ಸಾಪ್ ಗ್ರೂಪಿಗೆ ಹಾಕಿ. ಒಪ್ಪದಿದ್ರೆ ಇಲ್ಲೇ ಬರೀರಿ, ಮಾತಾಡೋಣ.

ಜೈಭೀಮ್.